ಬಾಟ್ಲಿ ಮೇಲಿನ ಹೆಸರು

ಸಿಂಧನೂರಿನ ಬಸ್ ಸ್ಟ್ಯಾಂಡಿನ ಎದುರು ಸಾಲಾಗಿ ನಿಲ್ಲುವ ಆಟೋಗಳಲ್ಲಿ ಮಲೀಕಸಾಬನ ಆಟೋ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಉಳಿದವುಗಳ ಮೈಮೇಲೆ ಗದ್ದೆ ದಾರಿಯ ಕೆಸರು, ಭತ್ತದ ಹೊಟ್ಟು, ಎಲೆಅಡಿಕೆಯ ಕಲೆ. ಮಲೀಕಸಾಬನ ಆಟೋ ಮಾತ್ರ ಮದುವೆಗೆ ಹೊರಟ ಹಾಗೆ ಫಳಫಳ ಹೊಳೆಯುತ್ತದೆ. ದಿನಾ ಬೆಳಿಗ್ಗೆ ನಮಾಜು ಮುಗಿಸಿ ಬಂದವನೇ ಎರಡು ಕೊಡ ನೀರು ಹಾಕಿ ತೊಳೆಯುತ್ತಾನೆ. ಹಳೆಯ ಬನಿಯನ್ನಿನಿಂದ ಕನ್ನಡಿ ಒರೆಸುತ್ತಾನೆ. ಸೀಟಿನ ಸಂದಿಯೊಳಗೆ ಕೈ ಹಾಕಿ ಶೇಂಗಾ ಸಿಪ್ಪೆ ಏನಾದರೂ ಉಳಿದಿದೆಯೇ ಎಂದು ತಡಕಾಡುತ್ತಾನೆ.

ಗಾಡಿ ಇಷ್ಟು ಸ್ವಚ್ಛವಾಗಿರುವುದರ ಗುಟ್ಟು ಬಹಳ ಸರಳ. ಒಳಗಿನದೆಲ್ಲ ಹೊರಗೆ ಹೋಗುತ್ತದೆ, ಅಷ್ಟೇ.

"ಸಾಬ್ರ, ಈ ಬಾಳೆಹಣ್ಣಿನ ಸಿಪ್ಪಿ ಎಲ್ಲಿ ಹಾಕ್ಲಿರೀ?" ಎಂದು ಸವಾರಿಯವರು ಕೇಳಿದರೆ ಮಲೀಕಸಾಬ ಹಿಂದಕ್ಕೂ ತಿರುಗುತ್ತಿರಲಿಲ್ಲ. "ಹೊರಗ ಒಗೀರಿ. ಅಲ್ಲಾ ಇಷ್ಟ ದೊಡ್ಡ ದುನಿಯಾ ಕೊಟ್ಟಾನ, ನನ್ನ ಗಾಡ್ಯಾಗ ಯಾಕ?" ಎನ್ನುತ್ತಿದ್ದ. ಸಿಪ್ಪೆ ಹೊರಗೆ ಹೋಗುತ್ತಿತ್ತು. ಅದರ ಹಿಂದೆಯೇ ಚಿಪ್ಸ್ ಪಾಕೀಟು, ಚಹಾದ ಕಪ್ಪು, ಮಗುವಿನ ಡೈಪರ್ ಕೂಡ. ಮಸ್ಕಿ ರಸ್ತೆಯ ಎರಡೂ ಬದಿ ಆ ದೊಡ್ಡ ದುನಿಯಾದಲ್ಲೇ ಇತ್ತಲ್ಲ!

ಇನ್ನೊಂದು ಅಭ್ಯಾಸವೂ ಅವನಿಗಿತ್ತು. ಇದರ ಬಗ್ಗೆ ಅವನಿಗೆ ಬಲು ಹೆಮ್ಮೆ. ಅವನ ಅಪ್ಪ ಮಕ್ತುಮ್‌ಸಾಬ್ ಟಾಂಗಾ ಹೊಡೆಯುತ್ತಿದ್ದ ಕಾಲದಲ್ಲಿ ಟಾಂಗಾದ ಹಿಂದೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿಯೊಂದು ಯಾವಾಗಲೂ ತೂಗುತ್ತಿತ್ತು. ದಾರಿ ನಡೆದವರಿಗೆ ನೀರು ಕೊಡುವುದು ದೊಡ್ಡ ಪುಣ್ಯ ಎಂದು ನಂಬಿದ ಮನುಷ್ಯ ಆತ. ಮಗ ಆ ಪದ್ಧತಿ ಬಿಡಲಿಲ್ಲ, ಆದರೆ ಕಾಲಕ್ಕೆ ತಕ್ಕಂತೆ ಮಾಡಿಕೊಂಡ. ದೂರದ ಸವಾರಿ ಬಂದವರಿಗೆಲ್ಲ ತಲೆಗೊಂದು ಸಣ್ಣ ನೀರಿನ ಬಾಟ್ಲಿ ಕೊಡುತ್ತಿದ್ದ. ಬಾಟ್ಲಿಯ ಮೇಲೆ ಹಸಿರು ಬಣ್ಣದ ಚೀಟಿ. ಅದರಲ್ಲಿ ದಪ್ಪ ಅಕ್ಷರದಲ್ಲಿ "ಮಲೀಕಸಾಬ, ಸಿಂಧನೂರು. ಗುಡ್ಡ, ಕೋಟೆ, ದರ್ಗಾ, ಎಲ್ಲಿಗೆ ಬೇಕಾದರೂ" ಎಂದು ಬರೆದು ಕೆಳಗೆ ಫೋನ್ ನಂಬರು. ನೀರು ಕುಡಿದವರ ಕಣ್ಣಿಗೆ ಹೆಸರು ಬಿದ್ದೇ ಬೀಳಬೇಕು ನೋಡಿ. ಪುಣ್ಯಕ್ಕೆ ಪುಣ್ಯ, ಪ್ರಚಾರಕ್ಕೆ ಪ್ರಚಾರ.

ಅವನ ಮಗಳು ಕಹಕಶಾ ಡಿಗ್ರಿ ಮುಗಿಸಿ ಈಚೆಗೆ ಒಂದು ಸಂಘ ಸೇರಿದ್ದಳು. 'ಕೋಟೆ-ಗುಡ್ಡ ಪ್ರವಾಸಿ ಬಳಗ' ಎಂದು ಅದರ ಹೆಸರು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕೆಲವು ಶಿಕ್ಷಕರು, ಗಾಡಿ ಓಡಿಸುವವರು, ಖಾನಾವಳಿ ನಡೆಸುವ ಹೆಣ್ಣುಮಕ್ಕಳು ಕೂಡಿ ಮಾಡಿಕೊಂಡ ಬಳಗ. ಮಸ್ಕಿಯ ಅಶೋಕನ ಶಾಸನ, ಮುದಗಲ್ಲಿನ ಕೋಟೆ ನೋಡಲು ಬರುವವರಿಗೆ ದಾರಿ ತೋರಿಸುವುದು, ಊರಿನ ಊಟವನ್ನೇ ಉಣ್ಣಿಸುವುದು, ನೋಡಿದ ಜಾಗವನ್ನು ನೋಡಿದ ಹಾಗೆಯೇ ಬಿಟ್ಟು ಬರುವಂತೆ ಮಾಡುವುದು ಅದರ ಕೆಲಸ. ಈ ಬಳಗ ಬಸ್ ಸ್ಟ್ಯಾಂಡಿನಲ್ಲಿ ಒಂದು ಬೋರ್ಡು ಹಾಕುವುದಿತ್ತು. ನಂಬಿಕೆಯ ಗಾಡಿಗಳು ಯಾವುವು, ಅವುಗಳ ಚಾಲಕರು ಯಾರು ಎಂಬುದೆಲ್ಲ ಅದರಲ್ಲಿ ಬರುತ್ತದೆ.

ಆ ಬೋರ್ಡಿನ ಮೇಲೆ ತನ್ನ ಹೆಸರು ಬರಬೇಕು ಎಂದು ಮಲೀಕಸಾಬನಿಗೆ ಎಲ್ಲಿಲ್ಲದ ಆಸೆ. ಅವನಿಗೆ ಐವತ್ತು ದಾಟಿದೆ, ಮೊಣಕಾಲು ಹಿಡಿದುಕೊಂಡಿವೆ. ಗೊರೇಬಾಳ, ಮುಕ್ಕುಂದ ಎಂದು ಸುತ್ತಲ ಹಳ್ಳಿಗಳ ಹೆಸರು ಕೂಗಿ ಕೂಗಿ ಸಣ್ಣ ಸವಾರಿ ತುಂಬಿಸಲು ಮೈಯಲ್ಲಿ ಮೊದಲಿನ ಕಸುವಿಲ್ಲ. ಪ್ರವಾಸಿಗಳ ಸವಾರಿ ಸಿಕ್ಕರೆ ಬೆಳಿಗ್ಗೆ ಹೊರಟು ಸಂಜೆ ಬಂದರಾಯಿತು. ಅದಕ್ಕಿಂತ ಹೆಚ್ಚಾಗಿ, ಮೂವತ್ತು ವರ್ಷ ಗಾಡಿ ಓಡಿಸಿದವನಿಗೆ ಊರಿನಲ್ಲಿ ಒಂದು ಹೆಸರು ಇರಬೇಡವೇ?

"ನಿನ್ನ ಹೆಸರು ಸುಮ್ನ ಬರಂಗಿಲ್ಲ, ಅಬ್ಬಾ," ಎಂದಳು ಕಹಕಶಾ ಒಂದು ದಿನ, ರೊಟ್ಟಿ ಮುರಿಯುತ್ತ. "ಗಾಡ್ಯಾಗ ಕಸಕ್ಕ ಒಂದು ಚೀಲ ಕಟ್ಟಬೇಕು. ಬಾಟ್ಲಿ ಹಂಚೋದು ಬಂದ್ ಮಾಡಬೇಕು. ಆಮ್ಯಾಲ ಸವಾರಿ ಬಂದವ್ರು ನಮ್ಮ ಬಳಗದ ಅಭಿಪ್ರಾಯದ ಪುಸ್ತಕದಾಗ ನಿನ್ನ ಬಗ್ಗೆ ಚೊಲೋ ಬರೀಬೇಕು."

"ಚೀಲಾ? ಕಸದ ಚೀಲಾ? ನನ್ನ ಗಾಡ್ಯಾಗ?" ಮಲೀಕಸಾಬನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅದೇನು ಆಟೋನೋ, ನಗರಸಭೆ ಕಸದ ಗಾಡಿನೋ?"

"ನೀ ಹೊರಗ ಒಗಸ್ತಿ. ಹೊರಗ ಅಂದ್ರ ಎಲ್ಲಿ, ಅಬ್ಬಾ?"

"ಹೊರಗ ಅಂದ್ರ ಹೊರಗ! ಗಾಳಿ ಬರ್ತೈತಿ, ಹಾರಿಸಿಕೊಂಡು ಹೋಗ್ತೈತಿ. ಮಳಿ ಬರ್ತೈತಿ, ಹರಕೊಂಡು ಹೋಗ್ತೈತಿ."

"ಹೋಗಿ ಎಲ್ಲಿ ಕುಂದರತೈತಿ? ಕಾಲುವ್ಯಾಗ, ಗಟಾರದಾಗ, ಎಮ್ಮಿ ಹೊಟ್ಟ್ಯಾಗ. ಬಾಳೆಸಿಪ್ಪಿ ಕೊಳೀತೈತಿ, ಪ್ಲಾಸ್ಟಿಕ್ ಕೊಳೆಯಂಗಿಲ್ಲ. ಬಿಸಿಲಿಗೆ ಒಡದು ಚೂರುಚೂರಾಗಿ ಮಣ್ಣಾಗ ಸೇರ್ತೈತಿ. ಸುಟ್ಟರ ವಿಷದ ಹೊಗಿ. ನಮ್ಮ ಆಯುಷ್ಯ ಮುಗದ ಮ್ಯಾಲೂ ಅದು ಇರ್ತೈತಿ."

"ಇರ್ಲಿ ಬಿಡು. ಊರಾಗ ಸಾವಿರ ಗಾಡಿ ಅದಾವ. ನನ್ನ ಒಂದು ಬಾಟ್ಲಿಯಿಂದ ಗುಡ್ಡ ಕುಸಿದು ಬೀಳತೈತೇನು?"

ಆ ಮನೆಯಲ್ಲಿ ಮಾತುಕತೆ ದಖನಿ ಉರ್ದುವಿನಲ್ಲಿ ನಡೆಯುತ್ತದೆ, ವ್ಯವಹಾರ ಕನ್ನಡದಲ್ಲಿ, ಜಗಳಕ್ಕೆ ಎರಡೂ ಬೇಕು. ಅಂದು ಎರಡೂ ಸಾಲದಾದವು. ಕೊನೆಗೆ ಅವನ ಹೆಂಡತಿ ಹುಸೇನ್‌ಬೀ ಪಲ್ಯದ ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿದು, "ಉಣ್ಣೋ ಮುಂದ ಕಸದ ಮಾತು ಸಾಕು ಮಾಡ್ರಿ," ಎಂದಳು. ಮಾತು ನಿಂತಿತು. ಚೀಲವೂ ಬರಲಿಲ್ಲ, ಬಾಟ್ಲಿಯೂ ಬಂದ್ ಆಗಲಿಲ್ಲ.

ಭಾನುವಾರ ಕಹಕಶಾ ಮೊದಲ ಸಲ ಪ್ರವಾಸಿಗರನ್ನು ಕರೆದುಕೊಂಡು ಮಸ್ಕಿಗೆ ಹೊರಟಳು. ಗಾಡಿ ಅಪ್ಪನದೇ. ಹಿಂದೆ ಕುಳಿತವರು ಯಮನೂರಮ್ಮ ಮತ್ತು ಅವರ ತಂಗಿ. ಯಮನೂರಮ್ಮ ಹಟ್ಟಿ ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು, ಈಗ ಸಿಂಧನೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ಮಡಿಲಿನಲ್ಲಿ ಮೂರು ಅಂತಸ್ತಿನ ಹಳೆಯ ಬುತ್ತಿ ಡಬ್ಬಿ. ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ.

"ಈ ಡಬ್ಬಿ ನಮ್ಮ ಯಜಮಾನ್ರದು," ಎಂದರು ಅವರು ಕಹಕಶಾಗೆ. "ಇಪ್ಪತ್ತೆಂಟು ವರ್ಷ ಚಿನ್ನದ ಗಣಿಯೊಳಗ ಇದನ್ನ ಹಿಡಕೊಂಡು ಇಳದಾರ. ನಾವು ಬುದ್ಧನ್ನ ನಂಬೋ ಮಂದಿ. ಒಂದಿನ ಮಸ್ಕಿಗೆ ಹೋಗೂಣು, ಅಶೋಕ ರಾಜನ ಬರಹ ನೋಡೂಣು, ಅಲ್ಲೇ ಗುಡ್ಡದ ಬುಡಕ ಕುಂತು ಬುತ್ತಿ ಉಣ್ಣೂಣು ಅಂತಿದ್ರು. ಅವ್ರಿಗೆ ರಜೆ ಇದ್ದಾಗ ನನಗ ಡ್ಯೂಟಿ, ನನಗ ರಜೆ ಇದ್ದಾಗ ಅವ್ರಿಗೆ ಶಿಫ್ಟು. ಹಂಗ ಹಂಗ ದಿನ ಹೋದುವು. ಹೋದ ವರ್ಷ ಅವ್ರೂ ಹೋದ್ರು. ಡಬ್ಬಿನಾದ್ರೂ ತಂದೀನಿ."

ಮಲೀಕಸಾಬ ತಟ್ಟನೆ ಹಿಂದಕ್ಕೆ ತಿರುಗಿದ. "ನಾ ಕುಂದ್ರಸ್ತೀನ್ರಿ ಅಕ್ಕಾರ. ಗುಡ್ಡದಾಗ ಛಲೋ ನೆರಳಿರೋ ಜಾಗ ನನಗ ಗೊತ್ತೈತಿ," ಎಂದು ಮಾತು ಕೊಟ್ಟ. ಜೊತೆಗೆ ಹಸಿರು ಚೀಟಿಯ ಎರಡು ಬಾಟ್ಲಿಗಳನ್ನೂ ಕೊಟ್ಟ. ಕಹಕಶಾ ಅಪ್ಪನನ್ನು ದುರುಗುಟ್ಟಿ ನೋಡಿದಳು. ಅವನು ಕನ್ನಡಿ ಸರಿಮಾಡಿಕೊಂಡ.

ಮಸ್ಕಿಯಲ್ಲಿ ಕಹಕಶಾ ಶಾಸನದ ಬಂಡೆಯ ಮುಂದೆ ನಿಂತು ಹೇಳಿದ್ದನ್ನು ಮಲೀಕಸಾಬ ಅಂದೇ ಮೊದಲು ಕೇಳಿದ್ದು. ನೂರಾರು ಸಲ ಸವಾರಿ ತಂದವನು ಒಂದು ಸಲವೂ ಬಂಡೆಯ ತನಕ ಹೋದವನಲ್ಲ, ಕೆಳಗೆ ಗಾಡಿಯಲ್ಲಿ ಕಾಲು ಚಾಚಿ ಮಲಗುವವನು. ಇವತ್ತು ಮಗಳು ಮಾತಾಡುವುದನ್ನು ನೋಡಬೇಕೆಂದು ಮೊಣಕಾಲು ಹಿಡಿದುಕೊಂಡೇ ಹತ್ತಿದ್ದ.

"ದೇಶದ ತುಂಬ ಇಂಥ ಬರಹ ಸಿಕ್ಕಿದ್ದುವು," ಎನ್ನುತ್ತಿದ್ದಳು ಅವಳು. "ಅವುಗಳಾಗ 'ದೇವರಿಗೆ ಪ್ರಿಯನಾದ ರಾಜ' ಅಂತ ಇತ್ತು. ಯಾವ ರಾಜ ಅಂತ ಖಾತ್ರಿ ಇದ್ದಿಲ್ಲ. ನೂರು ವರ್ಷದ ಹಿಂದ ಚಿನ್ನ ಹುಡುಕಾಕ ಬಂದ ಒಬ್ಬ ಎಂಜಿನಿಯರ್ ಕಣ್ಣಿಗೆ ಈ ಬಂಡೆಗಲ್ಲು ಬಿತ್ತು. ಓದಿ ನೋಡಿದ್ರ, ಅಶೋಕ ಅಂತ ಹೆಸರು ಇತ್ತು. ಎರಡು ಸಾವಿರ ವರ್ಷಕ್ಕಿಂತ ಹಳೇ ಹೆಸರು. ಮಳಿ ಬಂತು, ಬಿಸಿಲು ಬಂತು, ಹೆಸರು ಹಂಗ ಉಳೀತು."

ಯಮನೂರಮ್ಮ ಕೈ ಮುಗಿದು ಕಣ್ಣು ಮುಚ್ಚಿ ನಿಂತರು. ಮಲೀಕಸಾಬನ ಎದೆ ಮಗಳ ಮೇಲಿನ ಹೆಮ್ಮೆಯಿಂದ ಉಬ್ಬಿತು. "ನೋಡು, ಹೆಸರು ಅಂದ್ರ ಹಂಗ ಬರಸಬೇಕು!" ಎಂದ ಮೆಲ್ಲಗೆ.

ಕೆಳಗಿಳಿದು ಬುತ್ತಿ ಉಣ್ಣಲು ಜಾಗ ಹುಡುಕಿದರು. ಗುಡ್ಡದ ಬುಡದಲ್ಲಿ, ಆಟೋ ನಿಲ್ಲುವ ಕಡೆ ದೊಡ್ಡ ದೊಡ್ಡ ಗುಂಡುಕಲ್ಲುಗಳ ನೆರಳಿದೆ. "ಬರ್ರಿ ಅಕ್ಕಾರ," ಎಂದು ಮಲೀಕಸಾಬ ಮುಂದೆ ನಡೆದ. ಮೊದಲ ಗುಂಡಿನ ಹಿಂದೆ ಥರ್ಮಾಕೋಲ್ ತಟ್ಟೆಗಳು, ಅನ್ನ ಅಂಟಿ ನೊಣ ಮುತ್ತಿದ್ದವು. ಎರಡನೆಯದರ ಹಿಂದೆ ಇನ್ನೂ ಕೆಟ್ಟದ್ದು. ಮೂರನೆಯ ನೆರಳು ಚೆನ್ನಾಗಿತ್ತು, ಬೇವಿನ ಗಿಡವೂ ಇತ್ತು, ಆದರೆ ನೆಲದ ತುಂಬ ಬಾಟ್ಲಿಗಳು. ಒಂದು ಸಂದಿಯಂತೂ ಬಾಟ್ಲಿಗಳಿಂದಲೇ ತುಂಬಿ ಹೋಗಿತ್ತು.

"ಈ ಮಂದಿಗೆ ಬುದ್ಧಿ ಅನ್ನೋದು ಇಲ್ಲರಿ," ಎಂದು ಮಲೀಕಸಾಬ ಗೊಣಗಿದ. "ಎಲ್ಲೆಲ್ಲಿಂದಲೋ ಬರ್ತಾರ, ಹೊಲಸು ಮಾಡಿ ಹೋಗ್ತಾರ."

ಯಮನೂರಮ್ಮ ಬುತ್ತಿಯನ್ನು ತಂಗಿಯ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿ ಬಾಟ್ಲಿ ಆರಿಸತೊಡಗಿದರು. ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಕೈ, ಹೇಸಿಗೆ ಪಡುವುದಿಲ್ಲ. ಮುಚ್ಚಳವಿಲ್ಲದೆ ನೆಟ್ಟಗೆ ನಿಂತಿದ್ದ ಒಂದು ಬಾಟ್ಲಿಯನ್ನು ಬೆಳಕಿಗೆ ಹಿಡಿದರು. ಒಳಗೆ ಅರ್ಧ ನೀರು, ನೀರಿನಲ್ಲಿ ಸಣ್ಣ ಹುಳಗಳು ಮಿಸುಕಾಡುತ್ತಿದ್ದವು.

"ನೋಡ್ರಿ, ಇವು ಸೊಳ್ಳಿ ಮರಿ. ಡೆಂಗಿ ಜ್ವರ ತರೋ ಸೊಳ್ಳಿ ಗಟಾರದ ಹೊಲಸು ನೀರಾಗ ಹುಟ್ಟಂಗಿಲ್ಲ, ಇಂಥ ತಿಳಿನೀರಾಗ ಹುಟ್ಟತಾವ. ಒಂದು ಬಾಟ್ಲಿ ಸಾಕು ಒಂದು ಓಣಿ ಮಲಗಸಾಕ," ಎನ್ನುತ್ತ ನೀರನ್ನು ಕಾದ ಬಂಡೆಯ ಮೇಲೆ ಚೆಲ್ಲಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಾಟ್ಲಿಯ ಮೈ ನೋಡಿದರು. ಬಿಸಿಲಿಗೆ ಬಿಳಿಚಿದ ಹಸಿರು ಚೀಟಿ. ಅಕ್ಷರ ಮಾತ್ರ ಗಟ್ಟಿಯಾಗಿದ್ದವು.

ಇನ್ನೊಂದನ್ನು ಎತ್ತಿ ಓದಿದರು. ಮತ್ತೊಂದನ್ನೂ ಓದಿದರು.

"ಮಲೀಕಸಾಬ್ರ," ಎಂದರು ಅವರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಇದು ನಿಮ್ಮ ಹೆಸರಲ್ಲೇನ್ರಿ?"

ಮಲೀಕಸಾಬ ನೋಡಿದ. ಸಂದಿಯ ತುಂಬ ಅವನೇ ಇದ್ದ. ಗುಡ್ಡ, ಕೋಟೆ, ದರ್ಗಾ, ಎಲ್ಲಿಗೆ ಬೇಕಾದರೂ. ಹೋದ ಬೇಸಿಗೆಯ ಮಲೀಕಸಾಬ, ಅದರ ಹಿಂದಿನ ಬೇಸಿಗೆಯ ಮಲೀಕಸಾಬ. ಕೆಲವು ಚಪ್ಪಟೆಯಾಗಿದ್ದವು, ಕೆಲವು ಮಣ್ಣು ಕುಡಿದಿದ್ದವು. ಒಂದರ ಮೇಲೂ ಹೆಸರು ಅಳಿಸಿರಲಿಲ್ಲ. ಭೂಮಿ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದ ಆ ಹೊತ್ತಿಗೆ. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ನೋಡಿದ್ದರೆ ಅವಳ ಕಣ್ಣಲ್ಲಿ ನೀರು ಕಾಣುತ್ತಿತ್ತು. ಅಪ್ಪನನ್ನು ಹೀಗೆ ನೋಡುವುದು ಅವಳಿಗೂ ಬೇಕಿರಲಿಲ್ಲ.

"ಆ ರಾಜ ಕಲ್ಲಿನ ಮ್ಯಾಲ ಬರಸಿದ," ಎಂದ ಕೊನೆಗೆ. "ನಾ ಕಸದ ಮ್ಯಾಲ ಬರಸೀನಿ. ನನ್ನ ಹೆಸರೂ ಉಳೀತು, ಬೇಟಿ. ನೀ ಹೇಳಿದ್ದು ಖರೇ ಐತಿ."

ಯಾರೂ ಅವನಿಗೆ ಬುದ್ಧಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವನು ನೋಯುವ ಮೊಣಕಾಲೂರಿ ಕುಳಿತು ಸಂದಿಯೊಳಗೆ ಕೈ ಹಾಕಿದ. ಕಹಕಶಾ ತನ್ನ ಬ್ಯಾಗಿನಿಂದ ಎರಡು ಗೋಣಿಚೀಲ ತೆಗೆದಳು. ಬಳಗದವರು ಅವನ್ನು ಯಾವಾಗಲೂ ಜೊತೆಗೆ ಇಟ್ಟುಕೊಂಡಿರುತ್ತಾರೆ. ತನ್ನ ಹೆಸರಿದ್ದವನ್ನಷ್ಟೇ ಆರಿಸುತ್ತೇನೆ ಎಂದು ಶುರುಮಾಡಿದವನು, ಹೆಸರಿಲ್ಲದವನ್ನೂ ಬಿಡಲಿಲ್ಲ. ತಟ್ಟೆಗಳನ್ನೂ ಎತ್ತಿದ. ನಾಲ್ಕು ಜನ ಬಾಗಿ ದುಡಿದರೆ ಜಾಗ ಎಷ್ಟು ಬೇಗ ಬದಲಾಗುತ್ತದೆ ನೋಡಿ, ಮುಕ್ಕಾಲು ತಾಸಿನಲ್ಲಿ ಬೇವಿನ ಗಿಡದ ಕೆಳಗೆ ಕೆಂಪು ಮಣ್ಣು ಕಾಣಿಸಿತು.

ಯಮನೂರಮ್ಮ ಕೈ ತೊಳೆದುಕೊಂಡು ಬಿಳಿ ಬಟ್ಟೆ ಹಾಸಿದರು, ಗಂಡನ ಬುತ್ತಿ ಡಬ್ಬಿ ಬಿಚ್ಚಿದರು. ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಂದು ರೊಟ್ಟಿಯನ್ನು ಮಲೀಕಸಾಬನ ಕೈಗೆ ಇಟ್ಟು, "ಉಣ್ರಿ ಸಾಬ್ರ. ಮಾತು ಕೊಟ್ಟಂಗ ಕುಂದ್ರಸೀರಿ," ಎಂದರು. ಎಷ್ಟೋ ವರ್ಷ ಮುಂದಕ್ಕೆ ಹೋದ ಊಟ ಅಂದು ನಡೆಯಿತು. ಉಂಡ ಮೇಲೆ ಅಲ್ಲಿ ಒಂದು ಚೂರು ಕಾಗದವೂ ಉಳಿಯಲಿಲ್ಲ. ಡಬ್ಬಿ ಮುಚ್ಚಿದರು, ಬಟ್ಟೆ ಮಡಚಿದರು, ಅಷ್ಟೇ.

ಹೊರಡುವಾಗ ಕಹಕಶಾ ಬಳಗದ ಪುಸ್ತಕ ಮುಂದೆ ಹಿಡಿದಳು. ಯಮನೂರಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. "ಇವತ್ತು ಬರಿಯಂಗಿಲ್ಲವ್ವ. ಮುಂದಿನ ತಿಂಗಳು ಮುದಗಲ್ಲಿಗೆ ಹೋಗೋದೈತಿ. ಇದೇ ಗಾಡ್ಯಾಗ ಹೋಗ್ತೀನಿ. ಆಗ ನೋಡಿ ಬರೀತೀನಿ."

ಎರಡು ಚೀಲ ಕಸ ಈಗ ಗಾಡಿಯಲ್ಲಿ ಬರಬೇಕು. ಹಿಂದೆ ಮೂವರು ಹೆಣ್ಣುಮಕ್ಕಳಿದ್ದಾರೆ, ಜಾಗವಿಲ್ಲ. ಮಲೀಕಸಾಬ ತಾನೇ ಒಂದು ಚೀಲವನ್ನು ತನ್ನ ಸೀಟಿನ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕಟ್ಟಿಕೊಂಡ. ಕಸ ಕಂಡರೆ ಮಾರು ದೂರ ಹಾರುತ್ತಿದ್ದ ಮನುಷ್ಯ ಮಸ್ಕಿಯಿಂದ ಸಿಂಧನೂರಿನ ತನಕ ಅದರ ನಡುವೆ ಕುಳಿತು ಬಂದ.

ಸ್ಟ್ಯಾಂಡಿನಲ್ಲಿ ಅವನ ಹಳೆಯ ಗೆಳೆಯ, ಆಟೋ ಓಡಿಸುವ ಪಂಪಾಪತಿ, ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಲೇ ಮಲೀಕ, ಗುಜರಿ ಧಂದೆ ಚಾಲೂ ಮಾಡಿಯೇನು?"

"ಇಲ್ಲೋ," ಎಂದ ಮಲೀಕಸಾಬ, ಚೀಲ ಇಳಿಸುತ್ತ. "ಒಗದು ಬಂದಿದ್ದೆ ನೋಡು, ನನ್ನ ಹೆಸರು. ಆರಿಸಿಕೊಂಡು ಬಂದೀನಿ."

ಪಂಪಾಪತಿಗೆ ಮೊದಲು ತಿಳಿಯಲಿಲ್ಲ. ಒಂದು ಬಾಟ್ಲಿ ಕೈಗೆ ಕೊಟ್ಟಾಗ ತಿಳಿಯಿತು. ನಗು ನಿಂತಿತು. ಮರುದಿನ ಒಣಕಸದ ಗಾಡಿ ಬಂದಾಗ ಚೀಲ ಎತ್ತಿ ಕೊಡಲು ಅವನೂ ಕೈ ಹಚ್ಚಿದ.

ಮಸ್ಕಿಯಿಂದ ಬಂದ ಸಂಜೆಯೇ ಮಲೀಕಸಾಬ ಮನೆಯಲ್ಲಿ ಏನನ್ನೋ ಹುಡುಕುತ್ತಿದ್ದ. "ನಮ್ಮ ಅಪ್ಪನ ಹೂಜಿ ಎಲ್ಲೈತಿ?"

"ಅದರಾಗ ಉಳ್ಳಾಗಡ್ಡಿ ಇಟ್ಟೀನಿ," ಎಂದಳು ಹುಸೇನ್‌ಬೀ. "ಹದಿನೈದು ವರ್ಷ ಆತು, ಇವತ್ತ ಯಾಕ ನೆನಪಾತು?"

ಅವನು ನಡೆದದ್ದನ್ನೆಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಹುಸೇನ್‌ಬೀ ಕೇಳಿದ್ದೇ ಎದ್ದು ಉಳ್ಳಾಗಡ್ಡಿಯನ್ನು ಬುಟ್ಟಿಗೆ ಸುರಿದಳು. ಹೂಜಿ ತೊಳೆದು ನೋಡಿದರೆ ಬುಡದಲ್ಲಿ ಬಿರುಕು, ನೀರು ನಿಲ್ಲುವಂತಿರಲಿಲ್ಲ. ಇರಲಿ ಎಂದು ಹೊಸ ಹೂಜಿ ತಂದರು. ಅದಕ್ಕೆ ನಲ್ಲಿ ಕೂಡಿಸಿದರು. ಗಾಡಿಯ ಹಿಂದೆ ಅಲುಗಾಡದ ಹಾಗೆ ಕಬ್ಬಿಣದ ಬಳೆ ಹಾಕಿಸಿ ಕೂರಿಸಿದರು. ಹುಸೇನ್‌ಬೀ ತನ್ನ ಹಳೆಯ ಸೀರೆ ಕತ್ತರಿಸಿ ಕಸಕ್ಕೆಂದು ಎರಡು ಚೀಲ ಹೊಲಿದಳು, ಹಸಿ ಕಸಕ್ಕೆ ಒಂದು, ಒಣಕಸಕ್ಕೆ ಒಂದು. ಅವುಗಳ ಅಂಚಿಗೆ ಕಸೂತಿಯನ್ನೂ ಹಾಕಿದಳು. "ಕಸದ ಚೀಲಕ್ಕ ಕಸೂತಿ ಯಾಕ?" ಎಂದು ಮಗಳು ನಕ್ಕರೆ, "ನಿಮ್ಮಪ್ಪನ ಗಾಡಿ ಚಂದ ಕಾಣಬೇಕಲ್ಲ," ಎಂದಳು.

ಮುಂದಿನ ತಿಂಗಳು ಯಮನೂರಮ್ಮ ಹೇಳಿದಂತೆಯೇ ಬಂದರು. ದಾರಿಯಲ್ಲಿ ಹೂಜಿಯ ನೀರು ಕುಡಿದರು, ತಮ್ಮ ಸ್ಟೀಲ್ ಬಾಟ್ಲಿಗೂ ತುಂಬಿಸಿಕೊಂಡರು. ಮುದಗಲ್ಲಿನ ಕೋಟೆಯಲ್ಲಿ ಒಂದಿಬ್ಬರು ಹುಡುಗರು ಗೋಡೆಯ ಮೇಲೆ ಕಲ್ಲಿನಿಂದ ತಮ್ಮ ಹೆಸರು ಗೀಚುತ್ತಿದ್ದರು. ಕಹಕಶಾ ಬಾಯಿ ತೆರೆಯುವ ಮೊದಲೇ ಮಲೀಕಸಾಬ ಅವರ ಹತ್ತಿರ ಹೋಗಿ ನಿಂತ.

"ತಮ್ಮಾ, ಬರೀಬ್ಯಾಡ್ರಿ. ಹೆಸರು ಉಳಿಯೋದು ಛಲೋ ಅಂತ ನಾನೂ ತಿಳಕೊಂಡಿದ್ದೆ. ಎಲ್ಲಿ ಉಳೀತೈತಿ ಅಂತ ಮೊದಲ ನೋಡಬೇಕು," ಎಂದು ಬಾಟ್ಲಿಗಳ ಕಥೆ ಹೇಳಿದ. ಹುಡುಗರು ಮೊದಲು ನಕ್ಕರು, ಆಮೇಲೆ ಕೈಯಲ್ಲಿದ್ದ ಕಲ್ಲನ್ನು ಕೆಳಗೆ ಹಾಕಿದರು.

ಯಮನೂರಮ್ಮ ಪುಸ್ತಕ ತರಿಸಿಕೊಂಡು ಕೋಟೆಯ ಮೆಟ್ಟಿಲ ಮೇಲೆ ಕುಳಿತು ಬರೆದರು. "ಈ ಗಾಡಿಯಲ್ಲಿ ಕುಡಿಯಲು ನೀರು ಸಿಗುತ್ತದೆ, ಒಗೆಯಲು ಬಾಟ್ಲಿ ಸಿಗುವುದಿಲ್ಲ. ಇವರು ಹೋಗಿ ಬಂದ ಜಾಗ ಇವರು ಹೋಗುವ ಮೊದಲಿಗಿಂತ ಸ್ವಚ್ಛವಾಗಿರುತ್ತದೆ. ನನ್ನ ಯಜಮಾನರು ಇದ್ದಿದ್ದರೆ ಇದೇ ಗಾಡಿಯಲ್ಲಿ ಬರುತ್ತಿದ್ದರು."

ಈಗ ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲಿ ಮಲೀಕಸಾಬನ ಹೆಸರಿದೆ. ಅದರ ಕೆಳಗೆ ಪಂಪಾಪತಿಯ ಹೆಸರೂ ಬಂದಿದೆ. ಪಂಪಾಪತಿಯ ಹೂಜಿ ದೊಡ್ಡದೋ ಮಲೀಕಸಾಬನದು ದೊಡ್ಡದೋ ಎಂದು ಇಬ್ಬರ ನಡುವೆ ದಿನಾ ವಾದ. ಬೇವಿನ ಗಿಡದ ಕೆಳಗೆ ಮತ್ತೆ ಅಷ್ಟಿಷ್ಟು ಕಸ ಬೀಳುತ್ತದೆ, ಸುಳ್ಳು ಹೇಳಬಾರದು. ಆದರೆ ಎತ್ತುವ ಕೈಗಳೂ ಹೆಚ್ಚಾಗಿವೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ನಾಳೆ ಒಂದು ಗುಡ್ಡಕ್ಕೋ ಕೋಟೆಗೋ ಹೊಳೆದಂಡೆಗೋ ಹೋಗುವವರೇ. ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳಿ, ಮನೆಯ ತಟ್ಟೆ ಒಯ್ಯಿರಿ, ನೀರನ್ನು ಮನೆಯಿಂದಲೇ ತುಂಬಿಕೊಳ್ಳಿ. ಕೈಯಲ್ಲೊಂದು ಖಾಲಿ ಚೀಲ ಇರಲಿ, ತಂದದ್ದನ್ನು ಅದರಲ್ಲೇ ಹಾಕಿ ತಿರುಗಿ ತನ್ನಿ. ಊರಿನ ಖಾನಾವಳಿಯಲ್ಲಿ ಉಣ್ಣಿರಿ, ಕಲ್ಲಿನ ಮೇಲೆ ಗೀಚಬೇಡಿ. ಆದರೂ ಎಂದಾದರೂ ಕೈ ಸಡಿಲಾಗಿ ಏನನ್ನೋ ಹೊರಗೆ ಎಸೆಯಬೇಕು ಅನ್ನಿಸಿದರೆ, ಎಸೆಯುವ ಮೊದಲು ಒಂದು ಗಳಿಗೆ ಅದನ್ನು ತಿರುಗಿಸಿ ನೋಡಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ನಿಮ್ಮ ಹೆಸರು, ನಿಮ್ಮ ಊರು ಬರೆದಿದೆ ಎಂದುಕೊಳ್ಳಿ. ನಿಮ್ಮ ಮೊಮ್ಮಕ್ಕಳು ಬುತ್ತಿ ಉಣ್ಣಲು ಜಾಗ ಹುಡುಕುತ್ತ ಅಲ್ಲಿಗೆ ಬಂದಾಗಲೂ ಅದು ಅಲ್ಲೇ ಇರುತ್ತದೆ.